ಅಣಬೆ ನೋಡಲು ಕೊಂಡ ಸೂಕ್ಷ್ಮದರ್ಶಕ: ಎರಡು ಮಳೆಗಾಲದ ಬಳಕೆಯ ನಂತರ

ಹೊಸನಗರ ತಾಲೂಕಿನ ನಮ್ಮ ಮನೆಯ ಹಿಂದಿನ ಸೊಪ್ಪಿನಬೆಟ್ಟದಲ್ಲಿ ಮಳೆ ಹಿಡಿದು ಹದಿನೈದು ದಿನವಾಗುವಷ್ಟರಲ್ಲಿ ಅಣಬೆಗಳು ಏಳತೊಡಗುತ್ತವೆ. ತಿನ್ನುವ ಹುತ್ತದ ಅಣಬೆ, ಕಲ್ಲಣಬೆಗಳನ್ನು ಬಿಟ್ಟರೆ ಉಳಿದವಕ್ಕೆಲ್ಲ ನಮ್ಮಲ್ಲಿ ನಾಯಿಕೊಡೆ ಎಂಬ ಒಂದೇ ಹೆಸರು. ಆ ಒಂದು ಹೆಸರಿನೊಳಗೆ ಎಷ್ಟು ಬಗೆಗಳು ಅಡಗಿವೆಯೆಂದು ನೋಡುವ ಆಸೆಯಿಂದ ಶಿವಮೊಗ್ಗದ ಪ್ರಯೋಗಾಲಯ ಸಾಮಗ್ರಿಗಳ ಅಂಗಡಿಯೊಂದರಲ್ಲಿ, ಎರಡೂ ಕಣ್ಣಿಟ್ಟು ನೋಡುವ ಕಾಲೇಜು ದರ್ಜೆಯ ಸೂಕ್ಷ್ಮದರ್ಶಕವೊಂದನ್ನು 18,000 ರೂಪಾಯಿ ಕೊಟ್ಟು ತಂದೆ. ಎರಡು ಮಳೆಗಾಲ ಬಳಸಿದ ಮೇಲೆ ಅದರ ಗುಣದೋಷಗಳನ್ನು ಬರೆಯಬಹುದೆನ್ನಿಸಿದೆ.

ಮೊದಲು ಪೆಟ್ಟಿಗೆಯ ಮೇಲಿನ ಬರಹದ ಮಾತು. ‘1500 ಪಟ್ಟು ದೊಡ್ಡದಾಗಿ ತೋರಿಸುತ್ತದೆ’ ಎಂದು ಅಲ್ಲಿ ಅಚ್ಚಾಗಿದೆ. ಇದು ಸುಳ್ಳಲ್ಲ, ಆದರೆ ಉಪಯೋಗವೂ ಇಲ್ಲ. ಇದರ ಅತಿ ಬಲವಾದ 100ರ ಮಸೂರವನ್ನು ಎಣ್ಣೆಯ ಹನಿಯೊಂದಿಗೆ ಬಳಸಿದಾಗ ಅದು ಬೇರ್ಪಡಿಸಿ ತೋರಿಸಬಲ್ಲ ಅತಿ ಸಣ್ಣ ಅಂತರ ಸುಮಾರು ಕಾಲು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್). ಕಣ್ಣಿಡುವ ಕಡೆಯ ಮಸೂರವಾದ ಐಪೀಸಿನಲ್ಲಿ ಹತ್ತರದ್ದನ್ನು ತೆಗೆದು ಹದಿನೈದರದ್ದನ್ನು ಹಾಕಿದರೆ ಬಿಂಬ ಹಿಗ್ಗುತ್ತದೆಯೇ ಹೊರತು ಹೊಸ ವಿವರವೇನೂ ಕಾಣುವುದಿಲ್ಲ. ನನ್ನ ಹದಿನೈದರ ಐಪೀಸ್ ಜೋಡಿ ತಂದ ದಿನದಿಂದ ಪೆಟ್ಟಿಗೆಯಲ್ಲೇ ಇದೆ. ಅದರ ಬದಲು ಮೆಚ್ಚಬೇಕಾದದ್ದು ಕೆಳಗಿನ ಎಲ್‌ಇಡಿ ದೀಪವನ್ನು. ಒಳಗೆ ಬ್ಯಾಟರಿ ಇರುವುದರಿಂದ, ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಹೋದಾಗಲೂ ನನ್ನ ಕೆಲಸ ನಿಲ್ಲಲಿಲ್ಲ. ಮಲೆನಾಡಿನಲ್ಲಿ ಅಣಬೆ ಏಳುವ ಕಾಲವೂ ಕರೆಂಟು ಹೋಗುವ ಕಾಲವೂ ಒಂದೇ ಆದ್ದರಿಂದ, ಇದೊಂದು ಇಲ್ಲದ ಮಾದರಿಯನ್ನು ಕೊಳ್ಳಬೇಡಿರೆಂದೇ ಹೇಳುತ್ತೇನೆ.

ಯಂತ್ರದ ನಿಜವಾದ ಪರೀಕ್ಷೆ ನಡೆದದ್ದು ಧೂಪದ ಮರದ ಬುಡದಲ್ಲಿ ಸಿಕ್ಕ, ನೇರಳೆ ಕೊಡೆಯ ಒಂದು ಅಣಬೆಯಿಂದ. ಅದರ ಕಾಂಡ ನಾರಾಗಿ ಸೀಳದೆ ಸೀಮೆಸುಣ್ಣದಂತೆ ಪಟಕ್ಕನೆ ಮುರಿಯಿತು. ಇದು ರಸ್ಸುಲಾ ಕುಲದ ಲಕ್ಷಣ. ಕೊಡೆಯನ್ನು ಕತ್ತರಿಸಿ, ಅರ್ಧ ಕಪ್ಪು ಅರ್ಧ ಬಿಳಿ ಕಾಗದದ ಮೇಲೆ ಬೋರಲಾಗಿಟ್ಟು, ಮೇಲೊಂದು ಬಟ್ಟಲು ಮುಚ್ಚಿದೆ. ಬೆಳಗ್ಗೆ ಕಪ್ಪು ಭಾಗದಲ್ಲಿ ಅಣಬೆ ಸಂತಾನಕ್ಕಾಗಿ ಉದುರಿಸುವ ಪುಡಿಯಂಥ ಕೆನೆಬಣ್ಣದ ಬೀಜಕಗಳು ಕೊಡೆಯ ಅಡಿಯ ಪದರಗಳ ಅಚ್ಚಿನಂತೆ ಬಿದ್ದಿದ್ದವು. ಅದರ ಒಂದು ಚಿಟಿಕೆಯನ್ನು ಅಯೋಡಿನ್ ಹಾಕಿದ ಮೆಲ್ಜರ್ ದ್ರಾವಣದ ಹನಿಯಲ್ಲಿಟ್ಟು 400 ಪಟ್ಟಿನಲ್ಲಿ ನೋಡಿದಾಗ ಅಂಚು ಒರಟಾದ ಉಂಡೆಗಳಷ್ಟೇ ಕಂಡವು. ಎಣ್ಣೆ ಹಾಕಿ 1000 ಪಟ್ಟಿಗೆ ಹೋದಾಗ ಪ್ರತಿ ಬೀಜಕದ ಮೈಮೇಲೂ ನೀಲಿಗಪ್ಪು ಮುಳ್ಳುಗಳು, ಕೆಲವನ್ನು ಒಂದಕ್ಕೊಂದು ಜೋಡಿಸುವ ತೆಳು ಏಣುಗಳು ಎದ್ದು ಕಂಡವು. ರಸ್ಸುಲಾಗಳಲ್ಲಿ ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸುವಾಗ ಈ ಮುಳ್ಳಿನ ಎತ್ತರ, ಏಣಿನ ಹೆಣಿಗೆಗಳೇ ಮುಖ್ಯ. ಈ ಬೆಲೆಯ ಮಸೂರ ಅಷ್ಟನ್ನು ತೋರಿಸೀತೆಂದು ನಾನು ನಿರೀಕ್ಷಿಸಿರಲಿಲ್ಲ. ಅಂಚಿನಲ್ಲಿ ಬಿಂಬ ಮಸುಕಾಗುತ್ತದೆ, ನಡುವೆ ಮಾತ್ರ ಚೆನ್ನಾಗಿದೆ.

ಆದರೆ ಅಳೆಯಲು ಹೊರಟಾಗ ತೊಂದರೆ ಕಾಣಿಸಿಕೊಂಡಿತು. ಅಣಬೆಯ ವಿವರಣೆಯಲ್ಲಿ ಬೀಜಕದ ಉದ್ದಗಲ ಇರಲೇಬೇಕು, ಅದೂ ಒಂದೆರಡರದ್ದಲ್ಲ, ಇಪ್ಪತ್ತು ಮೂವತ್ತು ಬೀಜಕಗಳದ್ದು. ಐಪೀಸಿನೊಳಗೆ ಅಳತೆಗೆರೆಗಳ ಗಾಜಿನ ಬಿಲ್ಲೆಯನ್ನು ಅಂಗಡಿಯವರು ಹಾಕಿಕೊಟ್ಟಿದ್ದರು, ಆದರೆ ಅದರ ಒಂದು ಗೆರೆ ಎಷ್ಟು ಮೈಕ್ರಾನಿಗೆ ಸಮವೆಂದು ತಿಳಿಯಲು ಬೇಕಾದ ಸ್ಟೇಜ್ ಮೈಕ್ರೋಮೀಟರನ್ನು, ಅಂದರೆ ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದ ಗಾಜಿನ ಪಟ್ಟಿಯನ್ನು, ಕೊಟ್ಟಿರಲಿಲ್ಲ. ಕೇಳಿದಾಗ ‘ಕಾಲೇಜಿನವರು ಯಾರೂ ಕೇಳುವುದಿಲ್ಲ ಸಾರ್’ ಎಂಬ ಉತ್ತರ ಬಂತು. ತರಿಸಿಕೊಡಲು ಏಳು ವಾರ ಹಿಡಿದು, ಅಷ್ಟರಲ್ಲಿ ಆ ವರ್ಷದ ಅಣಬೆಗಳೇ ಮುಗಿದಿದ್ದವು.

ನನ್ನ ನೇರಳೆ ಅಣಬೆ ಹೊಸ ಪ್ರಭೇದವಿರಬಹುದೆಂಬ ಹಿಗ್ಗಿನಿಂದ ಪರಿಚಯದ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರಿಗೆ ಫೋಟೋಗಳನ್ನು ಕಳಿಸಿದೆ. ಅವರು ಫೋಟೋ ನೋಡುವ ಮೊದಲೇ ಒಣಗಿಸಿದ ಮಾದರಿ ಎಲ್ಲಿದೆ ಎಂದು ಕೇಳಿದರು. ಹೆಸರಿಡಬೇಕಾದರೆ ಒಣ ಮಾದರಿಗಳನ್ನು ಕಾಪಿಡುವ ಹರ್ಬೇರಿಯಮ್ಮಿನಲ್ಲಿ ಕಾಯಂ ಉಳಿಯುವ ಮಾದರಿಯೊಂದು ಬೇಕು, ಈಗಾಗಲೇ ಹೆಸರಿಟ್ಟ ಹತ್ತಿರದ ಪ್ರಭೇದಗಳೊಂದಿಗೆ ಹೋಲಿಕೆ ಬೇಕು. 2012ರಲ್ಲಿ ಶಿಲೀಂಧ್ರಗಳ ಬಾರ್‌ಕೋಡ್ (ಪ್ರಭೇದವನ್ನು ಗುರುತಿಸುವ ಗುರುತುಪಟ್ಟಿ) ಎಂದು ಸೂಚಿತವಾದ ಐಟಿಎಸ್ ಎಂಬ ಡಿಎನ್ಎ ಭಾಗವನ್ನೂ ಈಗ ಸಾಮಾನ್ಯವಾಗಿ ಓದಿಸುತ್ತಾರೆ. 2013ರಿಂದೀಚೆಗೆ ಮೈಕೋಬ್ಯಾಂಕಿನಂಥ ಮಾನ್ಯ ದಾಖಲೆಯೊಂದರಲ್ಲಿ ನೋಂದಣಿ ಸಂಖ್ಯೆ ಪಡೆಯದ ಹೊಸ ಹೆಸರಿಗೆ ಮಾನ್ಯತೆಯೇ ಇಲ್ಲ. ಭೂಮಿಯ ಮೇಲೆ 22ರಿಂದ 38 ಲಕ್ಷ ಶಿಲೀಂಧ್ರ ಪ್ರಭೇದಗಳಿರಬಹುದೆಂದು 2017ರ ಅಂದಾಜು ಹೇಳುತ್ತದೆ, ಹೆಸರಿಟ್ಟವು ಸುಮಾರು ಒಂದೂವರೆ ಲಕ್ಷ. ಹಾಗಾಗಿ ಹೆಸರಿಲ್ಲದ್ದು ನಮ್ಮ ಬೆಟ್ಟದಲ್ಲೂ ಸಿಗುವುದು ಆಶ್ಚರ್ಯವಲ್ಲ. ಆದರೆ ಹೆಸರಿಲ್ಲವೆಂದು ತೋರಿಸುವ ಕೆಲಸದಲ್ಲಿ ಈ ಯಂತ್ರದ್ದು ಒಂದು ಪಾಲು ಮಾತ್ರ. ಕೊಂಡ ಉಮೇದಿನಲ್ಲಿ ಇದು ನನಗೆ ಹೊಳೆದಿರಲಿಲ್ಲ. ಮುಂದಿನ ಮಳೆಗಾಲದಲ್ಲಿ ಅದೇ ಮರದ ಬುಡದಿಂದ ಮತ್ತೆ ಸಂಗ್ರಹಿಸಿ, ಅಡಿಕೆ ಡ್ರೈಯರಿನಲ್ಲಿ ಸಣ್ಣ ಕಾವಿಗೆ ಗರಿಗರಿಯಾಗಿ ಒಣಗಿಸಿ ಕಳಿಸಿದ್ದೇನೆ.

ಅಣಬೆಗಿಂತ ಹೆಚ್ಚು ಜನರನ್ನು ಈ ಯಂತ್ರದ ಮುಂದೆ ಕೂರಿಸಿದ್ದು ಅಡಿಕೆಯ ಕೊಳೆರೋಗ. ಕೊಳೆ ಬಂದ ಕಾಯಿಯ ಮೇಲಿನ ಬಿಳಿ ಪಾಚಿಯಂಥದ್ದನ್ನು ತಣ್ಣೀರಿನ ಹನಿಯಲ್ಲಿಟ್ಟು ಅರ್ಧ ಗಂಟೆ ಬಿಟ್ಟು ನೋಡಿದರೆ, ನಿಂಬೆಹಣ್ಣಿನಾಕಾರದ ಚೀಲಗಳ ತುದಿ ಒಡೆದು, ಒಳಗಿನ ಬೀಜಕಗಳು ಹೊರಬಂದು ಈಜುತ್ತವೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗವನ್ನು ವಿವರಿಸಿ ಬರೆದಿದ್ದರು. ಅದಕ್ಕೆ ಕಾರಣವಾದ ಫೈಟಾಫ್ತೊರವನ್ನು ನಾವು ಶಿಲೀಂಧ್ರವೆಂದೇ ಕರೆಯುತ್ತ ಬಂದಿದ್ದರೂ, ಈಗಿನ ವರ್ಗೀಕರಣದಲ್ಲಿ ಅದು ಶಿಲೀಂಧ್ರವಲ್ಲ, ಕಂದು ಕಡಲಪಾಚಿಗಳ ದೂರದ ನೆಂಟ. ಪಕ್ಕದ ತೋಟದ ಅಣ್ಣಯ್ಯ ಐಪೀಸಿನಿಂದ ಕಣ್ಣು ತೆಗೆದು, ‘ನೆಂಟ ಯಾರಾದರೂ ಆಗಲಿ ಮಾರಾಯ, ಬೋರ್ಡೋಕ್ಕೆ ಸಾಯ್ತದಲ್ಲ’ ಎಂದರು. ಮೈಲುತುತ್ತ, ಸುಣ್ಣ ಬೆರೆಸಿದ ಆ ದ್ರಾವಣವನ್ನು ಸರಿಯಾಗಿ ಹೊಡೆದರೆ ಹಿಡಿತಕ್ಕೆ ಬರುತ್ತದೆ ಎಂದೆ.

ಕೊನೆಯದಾಗಿ ಒಂದು ದೂರು, ಅದು ಅರ್ಧ ನನ್ನದೇ ತಪ್ಪು. ಎರಡನೆಯ ಆಗಸ್ಟಿನಲ್ಲಿ 40ರ ಮಸೂರದ ಬಿಂಬ ಮಂಜು ಕವಿದಂತಾಯಿತು. ಬಿಚ್ಚಿ ಕೈಮಸೂರದಲ್ಲಿ ನೋಡಿದರೆ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು: ಶಿಲೀಂಧ್ರ ನೋಡಲು ತಂದ ಮಸೂರಕ್ಕೇ ಬೂಷ್ಟು. ಜೊತೆಗೆ ಕೊಟ್ಟ ಥರ್ಮೋಕೋಲ್ ಪೆಟ್ಟಿಗೆ ಮಲೆನಾಡಿನ ತೇವಕ್ಕೆ ಏನೂ ಸಾಲದು. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಮಸೂರಗಳನ್ನಿಡಿ ಎಂಬ ಒಂದು ಸಾಲು ಕೈಪಿಡಿಯಲ್ಲಿ ಇರಬೇಕಿತ್ತು. ಸ್ವಚ್ಛಗೊಳಿಸಲು ಅಂಗಡಿಯವರು 900 ರೂಪಾಯಿ ತೆಗೆದುಕೊಂಡರು, ಕೆಲಸ ಅಚ್ಚುಕಟ್ಟಾಗಿತ್ತು, ಆದರೂ ಗಾಜಿನ ಲೇಪದ ಮೇಲೆ ಕೂದಲೆಳೆಯಂಥ ಗುರುತೊಂದು ಉಳಿದಿದೆ. ಈಗ ಮಸೂರಗಳು ಹಳೆಯ ಬೋರ್ನ್‌ವಿಟಾ ಡಬ್ಬದಲ್ಲಿವೆ, ನೀಲಿ ಹರಳು ಗುಲಾಬಿಗೆ ತಿರುಗಿದ ಕೂಡಲೇ ಒಲೆಯ ಪಕ್ಕ ಕಾಯಿಸುತ್ತೇನೆ.