ಟಿಡಿಎಸ್ ಮೀಟರ್: ಮಕ್ಕಳ ವಿಜ್ಞಾನ ಪ್ರಾಜೆಕ್ಟಿಗೆ ತಗೋಬಹುದಾ?

ಪೆನ್ನಿನಷ್ಟು ಉದ್ದದ ಈ ಟಿಡಿಎಸ್ ಮೀಟರ್ ತಗೊಂಡು ಮೂರು ತಿಂಗಳಾಯಿತು. ಟಿಡಿಎಸ್ ಅಂದರೆ ನೀರಲ್ಲಿ ಕರಗಿರುವ ಪದಾರ್ಥಗಳ ಒಟ್ಟು ಪ್ರಮಾಣ. ಆನ್‌ಲೈನಲ್ಲಿ 260 ರೂಪಾಯಿ. ಮನೆಯ ಫಿಲ್ಟರ್ ಪರೀಕ್ಷೆಗಂತ ತರಿಸಿದ್ದಲ್ಲ. ಎಂಟನೇ ಕ್ಲಾಸಿನ ಮಗಳು, ಅವಳ ಗೆಳತಿ ಸೇರಿ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ನೀರಿನ ಮೇಲೆ ಪ್ರಾಜೆಕ್ಟ್ ಮಾಡ್ತೀವಿ ಅಂದಿದ್ದಕ್ಕೆ ತರಿಸಿದ್ದು. ದಾವಣಗೆರೆಯಲ್ಲಿ ನಮ್ಮ ಹಾಗೇ ಇದನ್ನು ಕಾರ್ಟಿಗೆ ಹಾಕಿ ಕೂತಿರುವ ಅಪ್ಪ ಅಮ್ಮಂದಿರು ಇರಬಹುದು, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ತಗೊಳ್ಳಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಪ್ರಶ್ನೆ ಸಿಕ್ಕಿದ ಮೇಲೆ ತಗೊಳ್ಳಿ.

ನಾವು ಉಲ್ಟಾ ಮಾಡಿದೆವು. ಮೀಟರ್ ಬಂದ ವಾರವೇ ಇಬ್ಬರೂ ನಿಟ್ಟುವಳ್ಳಿಯಲ್ಲಿ ಹನ್ನೊಂದು ಮನೆ ಸುತ್ತಿ, ನಲ್ಲಿ ನೀರು, ಬೋರ್ ನೀರು, ಕ್ಯಾನ್ ನೀರು ಅಂತ ಸಿಕ್ಕಿದ್ದಕ್ಕೆಲ್ಲ ಮೀಟರ್ ಅದ್ದಿ ಎರಡು ಪುಟ ನಂಬರ್ ಬರೆದುಕೊಂಡು ಬಂದರು. ಸಂಜೆ ವಿಜ್ಞಾನದ ಮೇಡಂಗೆ ಫೋನ್ ಮಾಡಿದರೆ ಅವರು ಕೇಳಿದ್ದು ಇಷ್ಟೇ: "ಚೆನ್ನಾಗಿದೆ ಮಕ್ಕಳೇ, ಇದರಿಂದ ನಿಮಗೆ ಏನು ಗೊತ್ತಾಗಬೇಕಿತ್ತು?" ಇಬ್ಬರೂ ಮುಖ ಮುಖ ನೋಡಿಕೊಂಡರು. ನೀರು ನೇರ ನಲ್ಲಿಯದ್ದಾ, ಟ್ಯಾಂಕಿನದ್ದಾ, ಎಷ್ಟು ಹೊತ್ತಿಗೆ ಹಿಡಿದದ್ದು, ಒಂದನ್ನೂ ಬರೆದಿರಲಿಲ್ಲ. ಆ ಎರಡು ಪುಟ ಕೊನೆಗೂ ಉಪಯೋಗಕ್ಕೆ ಬರಲಿಲ್ಲ.

ಪ್ರಶ್ನೆ ಸಿಕ್ಕಿದ್ದು ಜಗಳೂರು ಕಡೆಯ ನಮ್ಮ ತವರಿನಲ್ಲಿ. ಅಮ್ಮ ಬೇಳೆ ತೊಳೆಯುತ್ತಾ "ಈ ಬೋರಿನ ನೀರಿಗೆ ಬೇಳೆ ಬೇಯಲ್ಲ ಕಣವ್ವ, ಅದಕ್ಕೇ ಘಟಕದ ನೀರು ಹಾಕ್ತೀನಿ" ಅಂದರು. ಮಗಳು ಪಟ್ ಅಂತ "ಯಾಕಜ್ಜಿ ಬೇಯಲ್ಲ?" ಅಂದಳು. ಅಜ್ಜಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮೇಡಂಗೆ ಹೇಳಿದಾಗ ಅವರ ದನಿಯೇ ಬದಲಾಯಿತು, ಇದನ್ನೇ ಹಿಡಿಯಿರಿ ಅಂದರು. 1993ರಿಂದ ನಡೆಯುತ್ತಿರುವ ಈ ಸಮಾವೇಶ 10ರಿಂದ 17 ವರ್ಷದ ಮಕ್ಕಳಿಗೆ. ಥರ್ಮಕೋಲ್ ಮಾಡೆಲ್ ಮಾಡಿ ತಂದಿಡುವ ವಸ್ತುಪ್ರದರ್ಶನ ಅಲ್ಲ ಅದು. ತಮ್ಮ ಊರಿನ ಸಮಸ್ಯೆಯೊಂದನ್ನು ಮಕ್ಕಳೇ ಅಳೆದು, ಬರೆದು ನೋಡಬೇಕು.

ಈಗ ಮೀಟರ್ ವಿಷಯ. ಇದು ನೀರಲ್ಲಿ ಏನಿದೆ ಅಂತ ನೋಡುವುದೇ ಇಲ್ಲ. ತುದಿಯಲ್ಲಿರುವ ಎರಡು ಕಡ್ಡಿಗಳ ನಡುವೆ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆದು, ಅದನ್ನು ಒಂದು ಸಂಖ್ಯೆಯಿಂದ ಗುಣಿಸಿ ಪಿಪಿಎಂ (ಹೆಚ್ಚುಕಮ್ಮಿ ಲೀಟರಿಗೆ ಇಷ್ಟು ಮಿಲಿಗ್ರಾಂ) ಅಂತ ತೋರಿಸುತ್ತದೆ, ಅಷ್ಟೇ. ಡಬ್ಬಿಯ ಮೇಲೆ ಇದನ್ನು ಬರೆದಿರಲ್ಲ. ಮಕ್ಕಳಿಗೆ ಇದು ಅರ್ಥವಾಗಿದ್ದು ಅಡುಗೆಮನೆಯಲ್ಲಿ. ಒಂದು ಲೋಟ ಕ್ಯಾನ್ ನೀರು 68 ತೋರಿಸುತ್ತಿತ್ತು. ಎರಡು ಚಮಚ ಸಕ್ಕರೆ ಹಾಕಿ ಕದಡಿದರು, ನಂಬರ್ ಹೆಚ್ಚುಕಮ್ಮಿ ಅಲ್ಲೇ ನಿಂತಿತ್ತು. ಇನ್ನೊಂದು ಲೋಟಕ್ಕೆ ಬರೀ ಒಂದು ಚಿಟಿಕೆ ಉಪ್ಪು ಹಾಕಿದರು, ನೋಡುನೋಡುತ್ತಲೇ ಸಾವಿರ ದಾಟಿತು. "ಅಮ್ಮ, ಇದು ಸುಳ್ಳು ಹೇಳ್ತಿದೆ" ಅಂದಳು ಮಗಳು. ಸುಳ್ಳಲ್ಲ. ಉಪ್ಪು ಕರಗಿದರೆ ಅಯಾನುಗಳಾಗಿ ಒಡೆದು ಕರೆಂಟ್ ಹರಿಸುತ್ತದೆ, ಸಕ್ಕರೆ ಒಡೆಯುವುದಿಲ್ಲ. ಈ ಐದು ನಿಮಿಷಕ್ಕೇ 260 ರೂಪಾಯಿ ವಸೂಲಾಯಿತು ಅಂತ ನನಗನ್ನಿಸಿತು.

ಮೀಟರ್ ಸರಿ ಇದೆಯಾ ಅಂತ ನೋಡುವುದು ಎರಡನೇ ಕೆಲಸ. ಗೆಳತಿಯ ಮನೆಯಲ್ಲೂ ಇಂಥದ್ದೇ ಒಂದಿತ್ತು. ಒಂದೇ ಲೋಟಕ್ಕೆ ಎರಡನ್ನೂ ಅದ್ದಿದರೆ ನಮ್ಮದು 412, ಅವರದು 468. ಯಾವುದು ಸರಿ? ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದು, ಶಾಲೆಯ ಲ್ಯಾಬಿನ ತಕ್ಕಡಿಯಲ್ಲಿ 1 ಗ್ರಾಂ ಉಪ್ಪು ತೂಗಿ 1 ಲೀಟರಿಗೆ ಕರಗಿಸಿದರು. 1000ದ ಹತ್ತಿರ ಬರಬೇಕು. ನಮ್ಮದು 985 ತೋರಿಸಿತು, ಗೆಳತಿಯದು 1110. ಅವತ್ತಿನಿಂದ ಎಲ್ಲ ಅಳತೆಗೂ ಒಂದೇ ಮೀಟರ್. ನೀರು ಬಿಸಿಯಾದ ಹಾಗೆ ನಂಬರ್ ಡಿಗ್ರಿಗೆ ಸುಮಾರು ಶೇ. 2ರಷ್ಟು ಏರುತ್ತದೆ. ಅದನ್ನು ಸರಿದೂಗಿಸುವ ಎಟಿಸಿ ಇದರಲ್ಲಿದೆ, ಆದರೂ ನೀರು ಆರಲು ಬಿಟ್ಟು, ಮೂರು ಸಲ ಓದಿ, ಮೂರನ್ನೂ ಬರೆಯಿರಿ ಅಂತ ಮೇಡಂ ಹೇಳಿದ್ದರು.

ನಾನು ಮರೆಯದ ಭಾನುವಾರ ಅದಾದ ಮೇಲೆ ಬಂತು. ಬೋರಿನಂಥ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಬೇಳೆಯ ಜೀವಕೋಶಗಳನ್ನು ಅಂಟಿಸಿ ಹಿಡಿದಿಡುವ ಪೆಕ್ಟಿನ್ ಜತೆ ಸೇರಿ ಅದನ್ನು ಗಟ್ಟಿ ಮಾಡುತ್ತದೆ, ಅದಕ್ಕೇ ಬೇಳೆ ಬೇಗ ಬೇಯುವುದಿಲ್ಲ. ಇದನ್ನು ಮೇಡಂ ವಿವರಿಸಿದ್ದರು. ಆದರೆ ತೊಂದರೆ ಕ್ಯಾಲ್ಸಿಯಂದೇ ಅಂತ ತೋರಿಸುವುದು ಹೇಗೆ? ಮೀಟರ್ ನಂಬರ್ ಜಾಸ್ತಿ ಇರೋದಕ್ಕೇ ಹೀಗಾಯಿತು ಅಂತ ಯಾರಾದರೂ ಅಂದರೆ? ಅಜ್ಜಿ ಮನೆ ಬೋರಿನ ನೀರು 1140 ಇತ್ತು. ಮಕ್ಕಳು ಡಿಸ್ಟಿಲ್ಡ್ ವಾಟರಿಗೆ ಚೂರು ಚೂರೇ ಉಪ್ಪು ಹಾಕುತ್ತಾ ಹೋಗಿ ಅದನ್ನೂ 1140ಕ್ಕೆ ತಂದು ನಿಲ್ಲಿಸಿದರು. ಮೂರನೆಯದು ಕ್ಯಾನ್ ನೀರು. ಒಂದೇ ಪ್ಯಾಕೆಟಿನ ತೊಗರಿಬೇಳೆ, 50 ಗ್ರಾಂ, ಒಂದೇ ಅಳತೆಯ ನೀರು, ಒಂದೇ ಪಾತ್ರೆ, ಒಂದೇ ಒಲೆ, ಕುಕ್ಕರ್ ಇಲ್ಲ. ಐದು ನಿಮಿಷಕ್ಕೊಮ್ಮೆ ಹತ್ತು ಕಾಳು ತೆಗೆದು ಬೆರಳಲ್ಲಿ ಹಿಸುಕಿ, ಎಷ್ಟು ನುಣ್ಣಗಾದವು ಅಂತ ಎಣಿಸುವುದು. ಕ್ಯಾನ್ ನೀರಲ್ಲಿ 35 ನಿಮಿಷಕ್ಕೆ ಹತ್ತೂ ಬೆಂದವು. ಉಪ್ಪಿನ ನೀರಲ್ಲೂ ಹತ್ತಿರ ಹತ್ತಿರ ಅಷ್ಟೇ. ಬೋರ್ ನೀರಲ್ಲಿ 55 ನಿಮಿಷವಾದರೂ ಮೂರು ಕಾಳಿನ ನಡುವೆ ಬಿಳಿ ಗಟ್ಟಿ ಹಾಗೇ ಇತ್ತು. ಉಪ್ಪಿನ ನೀರು, ಬೋರ್ ನೀರು ಎರಡಕ್ಕೂ ಮೀಟರ್ ಹೇಳಿದ್ದು ಒಂದೇ ನಂಬರ್! ಗೆಳತಿ ಆ ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಮನೆಯವರಿಗೆಲ್ಲ ತೋರಿಸುತ್ತಾ ಓಡಾಡಿದಳು. ಇಡೀ ಆಟವನ್ನು ಇನ್ನೂ ಎರಡು ಭಾನುವಾರ ಮತ್ತೆ ಮಾಡಿದರು, ಗ್ಯಾಸ್ ಖಾಲಿಯಾಗಿದ್ದಕ್ಕೆ ನನಗೆ ಬೇಜಾರಿಲ್ಲ.

ಗಡಸುತನಕ್ಕೆ ಈ ಮೀಟರ್ ಸಾಲದು ಅಂತ ಅಲ್ಲಿಗೆ ಖಾತ್ರಿಯಾಯಿತು. ಅದಕ್ಕೆ ಸೋಪಿನ ಪರೀಕ್ಷೆಯನ್ನೂ ಸೇರಿಸಿದರು. ಹಳೇ ಬಾರ್ ಸೋಪು ಕರಗಿಸಿದ ನೀರನ್ನು ಹನಿ ಹನಿ ಹಾಕಿ ಬಾಟಲಿ ಕುಲುಕಿ, ನೊರೆ ನಿಲ್ಲಲು ಎಷ್ಟು ಹನಿ ಬೇಕು ಅಂತ ಎಣಿಸುವುದು. ವಾಷಿಂಗ್ ಪೌಡರ್ ಬೇಡ, ಅದು ಗಡಸು ನೀರಲ್ಲೂ ನೊರೆ ಕೊಡುತ್ತದೆ.

ಇನ್ನೊಂದು ಮಾತು, ಇದು ಜಗಳೂರು, ಚಿತ್ರದುರ್ಗ ಕಡೆಯವರಿಗೆ ಮುಖ್ಯ. ಹೆಚ್ಚಾದರೆ ಹಲ್ಲು, ಮೂಳೆ ಹಾಳುಮಾಡುವ ಫ್ಲೋರೈಡ್ ಎಷ್ಟಿದೆ ಅಂತ ಈ ಮೀಟರ್ ಹೇಳುವುದಿಲ್ಲ. ಕುಡಿಯುವ ನೀರಿನ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ. ಫ್ಲೋರೈಡ್ ಆದರೆ 1, ಹೆಚ್ಚೆಂದರೆ 1.5. ಸಾವಿರದ ಲೆಕ್ಕದಲ್ಲಿ ಓಡುವ ನಂಬರಿನೊಳಗೆ ಒಂದೂವರೆ ಎಲ್ಲಿ ಕಾಣುತ್ತದೆ? ಕ್ರಿಮಿಗಳೂ ಕಾಣಲ್ಲ. "70 ತೋರಿಸ್ತು, ನೀರು ಶುದ್ಧ" ಅಂತ ಮಕ್ಕಳ ವರದಿಯಲ್ಲಿ ದಯವಿಟ್ಟು ಬರೆಸಬೇಡಿ. ಫ್ಲೋರೈಡ್ ನೋಡಬೇಕಿದ್ದರೆ ಪಂಚಾಯಿತಿಯಲ್ಲಿ ಫೀಲ್ಡ್ ಟೆಸ್ಟ್ ಕಿಟ್ ಬಗ್ಗೆ ಕೇಳಿ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ಅದರ ತರಬೇತಿ ಕೊಟ್ಟಿದ್ದಾರೆ, ಮಕ್ಕಳು ಅವರ ಪಕ್ಕ ಕೂತು ಕಲಿಯಬಹುದು.

ತಗೊಳ್ಳುವವರಿಗೆ ಇನ್ನೂ ಕೆಲವು ವಿಷಯ. ನಮಗೆ ಮೊದಲು ಬಂದ ಪೀಸ್ ಯಾವ ನೀರಿಗೆ ಅದ್ದಿದರೂ 0 ತೋರಿಸುತ್ತಿತ್ತು, ವಾಪಸ್ ಕಳಿಸಿ ಬೇರೆ ತರಿಸಿಕೊಂಡೆವು. ಹಾಗಾಗಿ ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆಯೇ ಉಪ್ಪಿನ ನೀರಿನ ಪರೀಕ್ಷೆ ಮಾಡಿಬಿಡಿ. ಗುರುತಿನ ಗೆರೆಗಿಂತ ಮೇಲೆ ಮುಳುಗಿಸಬೇಡಿ, ನೀರು ಒಳಗೆ ಹೋಗುತ್ತದೆ. ಪ್ರತಿ ಸಲ ಅದ್ದಿದ ಮೇಲೆ ಡಿಸ್ಟಿಲ್ಡ್ ವಾಟರಲ್ಲಿ ತೊಳೆದು, ನೀರು ಕೊಡವಿಯೇ ಮುಂದಿನ ಲೋಟಕ್ಕೆ ಹೋಗಬೇಕು. ನಮ್ಮ ಹುಡುಗಿಯರು ಅದಕ್ಕಂತಲೇ ಒಂದು ಸ್ಟೀಲ್ ಲೋಟ ಬೇರೆ ಇಟ್ಟಿದ್ದಾರೆ, ಅದರಲ್ಲಿ ಯಾರೂ ಕಾಫಿ ಕುಡಿಯೋ ಹಾಗಿಲ್ಲ.