ಬಿಚ್ಚುವ ಮೊದಲೇ ದೋಷ ತೋರಿಸಿದ ರಿಪೇರಿ ಅಂಗಡಿ

ಎಂಟು ವರ್ಷ ದುಡಿದಿದ್ದ ನಮ್ಮ ಮನೆಯ 7 ಕೆಜಿ ಫ್ರಂಟ್ ಲೋಡ್ ವಾಷಿಂಗ್ ಮಷಿನ್ ಕಳೆದ ಮಳೆಗಾಲದಲ್ಲಿ ಬಟ್ಟೆ ಹಿಂಡುವ ಹಂತಕ್ಕೆ ಬಂದಾಗಲೆಲ್ಲ ಹಿಟ್ಟಿನ ಗಿರಣಿಯಂತೆ ಸದ್ದು ಮಾಡತೊಡಗಿತು. ನೀರು ತುಂಬುವುದು, ಹೊರಹೋಗುವುದು ಎಲ್ಲವೂ ಸರಿಯಾಗಿಯೇ ಇತ್ತು. ವೇಗ ಏರಿದಂತೆ ಸದ್ದು ಮಾತ್ರ ಏರುತ್ತಿತ್ತು. ಕಂಪನಿಯ ಸರ್ವಿಸ್ ಸೆಂಟರಿನಿಂದ ಬಂದವರು ಮಷಿನ್ನನ್ನು ಒಮ್ಮೆ ಓಡಿಸಿ ಕೇಳಿ, ಡ್ರಮ್ಮಿನ ಸುತ್ತ ನೀರು ತುಂಬುವ ಹೊರಗಿನ ಟಬ್ ಪೂರ್ತಿ ಬದಲಿಸಲು 11,500 ರೂಪಾಯಿ ಆಗುತ್ತದೆ, ಅದಕ್ಕಿಂತ ಹೊಸದನ್ನೇ ಕೊಳ್ಳುವುದು ವಾಸಿ ಎಂದು ಹೇಳಿ ಐದು ನಿಮಿಷದಲ್ಲಿ ಹೊರಟುಹೋದರು.

ದಾವಣಗೆರೆಯ ಹದಡಿ ರಸ್ತೆಯಲ್ಲಿರುವ ಒಂದು ಸಣ್ಣ ರಿಪೇರಿ ಅಂಗಡಿಯ ವಿಷಯವನ್ನು ವಿದ್ಯಾನಗರದ ಗೆಳತಿಯೊಬ್ಬರು ತಿಳಿಸಿದ್ದು ಆಗಲೇ. ಅಲ್ಲಿಂದ ಬಂದ ಹಿರಿಯ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹೊರತೆಗೆಯುವ ಮೊದಲು ಪ್ಲಗ್ ತೆಗೆಸಿ, ಬಾಗಿಲು ತೆರೆದು, ಡ್ರಮ್ಮಿನ ಮೇಲಂಚನ್ನು ಒಳಗಿನಿಂದ ಹಿಡಿದು ಮೆಲ್ಲಗೆ ಎತ್ತಿ ಬಿಟ್ಟರು. "ನೀವೂ ಕೈ ಇಟ್ಟು ನೋಡ್ರಮ್ಮಾ" ಎಂದರು. ಡ್ರಮ್ಮು ಹೊರಗಿನ ಟಬ್ಬಿನ ಜೊತೆಗೆ ತೂಗಿದರೆ ಅದು ಸ್ಪ್ರಿಂಗಿನ ಸಹಜ ಆಟ; ಟಬ್ಬು ನಿಂತಲ್ಲೇ ನಿಂತು ಡ್ರಮ್ಮೊಂದೇ ಕಟಕ್ಕೆಂದು ಮೇಲೆ ಕೆಳಗೆ ಆಡಿದರೆ ಡ್ರಮ್ಮು ಸರಾಗವಾಗಿ ತಿರುಗಲು ಆಧಾರವಾದ ಗುಂಡುಗಳ ಬಳೆ, ಅಂದರೆ ಬೇರಿಂಗ್, ಸವೆದಿದೆ ಎಂದು ಅರ್ಥ. ನನ್ನ ಬೆರಳಿಗೆ ಆ ಕಟಕ್ ಸ್ಪಷ್ಟವಾಗಿ ತಾಗಿತು. ಅನಂತರ ಹಿಂಬದಿಯ ತಗಡು ತೆಗೆದು ಟಾರ್ಚ್ ಹಿಡಿದರು. ಟಬ್ಬಿನ ನಡುವಿನಿಂದ ಕೆಳಕ್ಕೆ ಕಂದುಬಣ್ಣದ ತುಕ್ಕಿನ ಗೆರೆಯೊಂದು ಇಳಿದಿತ್ತು. ಆಯಿಲ್ ಸೀಲ್ ಸೋತು ನೀರು ಬೇರಿಂಗಿಗೆ ನುಗ್ಗಿದೆ, ಗ್ರೀಸ್ ತೊಳೆದುಹೋಗಿ ಗುಂಡುಗಳು ತುಕ್ಕು ಹಿಡಿದಿವೆ ಎಂದು ಅವರು ಆ ಗೆರೆಯನ್ನು ತೋರಿಸಿಯೇ ವಿವರಿಸಿದರು.

ರಿಪೇರಿ ಮಾಡಿಸಬೇಕೇ ಬೇಡವೇ ಎಂಬುದಕ್ಕೆ ಅವರು ಒಂದೇ ಮಾತಿನಲ್ಲಿ ಉತ್ತರಿಸಲಿಲ್ಲ ಎಂಬುದು ನನಗೆ ಬಹಳ ಹಿಡಿಸಿತು. ಕೆಲವು ಮಾಡೆಲ್‌ಗಳಲ್ಲಿ ಟಬ್ಬಿನ ಎರಡು ಭಾಗಗಳನ್ನು ಸ್ಕ್ರೂಗಳಿಂದ ಬಿಗಿದಿರುತ್ತಾರೆ, ಕೆಲವದರಲ್ಲಿ ಬೆಸೆದೇ ಬಿಟ್ಟಿರುತ್ತಾರೆ; ಬೆಸೆದದ್ದಾದರೆ ಬೇರಿಂಗ್ ಹೋದರೂ ಟಬ್ಬನ್ನೇ ಬದಲಿಸಬೇಕಾಗುತ್ತದೆ. ನಮ್ಮದು ಸ್ಕ್ರೂ ಹಾಕಿದ್ದು. ಡ್ರಮ್ಮಿನ ಹಿಂದಿರುವ ಮೂರು ತೋಳಿನ ಅಲ್ಯುಮಿನಿಯಂ ಚೌಕಟ್ಟು, ಅಂದರೆ ಸ್ಪೈಡರ್, ಬಿರುಕು ಬಿಟ್ಟಿದ್ದರೆ ಮಾತ್ರ ಖರ್ಚು ಮಾಡಬೇಡಿ, ಅದು ಬಿಚ್ಚಿದ ಮೇಲೆಯೇ ತಿಳಿಯುತ್ತದೆ, ಆಗ ಮತ್ತೆ ನಿಮ್ಮನ್ನು ಕೇಳಿಯೇ ಮುಂದುವರಿಯುತ್ತೇನೆ ಎಂದು ಹೇಳಿ ಮಷಿನ್ನನ್ನು ಅಂಗಡಿಗೆ ಒಯ್ದರು.

ಮರುದಿನ ಕರೆಸಿ ತೋರಿಸಿದರು. ತುಂಗಭದ್ರೆಯ ನಲ್ಲಿ ನೀರು ಬಾರದ ದಿನಗಳಲ್ಲಿ ನಾವು ಬಳಸುವ ಬೋರ್‌ವೆಲ್ ನೀರಿನ ಸುಣ್ಣ ಸ್ಪೈಡರ್ ಮೇಲೆ ಬಿಳಿಯಾಗಿ ಕಟ್ಟಿದ್ದರೂ ಬಿರುಕು ಇರಲಿಲ್ಲ. ಹೀಟರ್ ಮೇಲಿನ ಪದರವನ್ನೂ ಕೆರೆದು ತೆಗೆದರು. ಹಾಕಿದ್ದು 6205 ಮತ್ತು 6206 ಸಂಖ್ಯೆಯ ಬೇರಿಂಗ್‌ಗಳು, ಒಳವ್ಯಾಸ 25 ಮತ್ತು 30 ಮಿ.ಮೀ. ಈ ಸಂಖ್ಯೆಗಳು ಯಾವುದೇ ಒಂದು ಕಂಪನಿಯ ಸ್ವತ್ತಲ್ಲ, ಬೇರಿಂಗ್ ಮಾರುವ ಅಂಗಡಿಗಳಲ್ಲಿ ಸಿಗುವಂಥವು. ಆಯಿಲ್ ಸೀಲ್ ಮಾತ್ರ ಮಾಡೆಲ್‌ಗೆ ತಕ್ಕದ್ದೇ ಆಗಬೇಕು. ಸಾಗಣೆ, ಕೂಲಿ ಸೇರಿ ಒಟ್ಟು 3,400 ರೂಪಾಯಿ ಆಯಿತು. ಹಳೆಯ ಬೇರಿಂಗ್‌ಗಳನ್ನೂ ಕವರಿನಲ್ಲಿ ಹಾಕಿ ಕೈಗಿತ್ತರು.

ಕೊರತೆಯನ್ನೂ ಹೇಳಬೇಕು. ಎರಡು ದಿನ ಎಂದಿದ್ದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು, ತಡವಾಗುತ್ತದೆಂದು ಒಂದು ಫೋನ್ ಕೂಡ ಬರಲಿಲ್ಲ. ರಸೀದಿಯನ್ನು ನಾನೇ ಕೇಳಿ ಬರೆಸಿಕೊಂಡೆ. ಆರು ತಿಂಗಳ ಗ್ಯಾರಂಟಿಯನ್ನು ಅದರಲ್ಲಿ ನಮೂದಿಸಲು ಹೇಳಿದ ಮೇಲೆಯೇ ನಮೂದಿಸಿದರು. ಹೋಗುವವರು ಇದನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಈಗ ಐದು ತಿಂಗಳಾಗಿದೆ, ಹಿಂಡುವಾಗ ಪಕ್ಕದ ಕೋಣೆಯಲ್ಲಿ ಮಗು ಮಲಗಿದ್ದರೂ ಏಳುವುದಿಲ್ಲ. ಕಳೆದ ತಿಂಗಳು ನಮ್ಮ ಪಕ್ಕದ ಮನೆಯವರ ಮಷಿನ್ನಿಗೂ ಇದೇ ಸದ್ದು ಬಂದಾಗ ಅದೇ ಮೆಕ್ಯಾನಿಕ್ ಅವರನ್ನು ಕರೆಸಿದೆವು. ಬಿಚ್ಚಿ ನೋಡಿದಾಗ ಸ್ಪೈಡರಿನ ಒಂದು ತೋಳು ಮುರಿದಿತ್ತು. "ಇದಕ್ಕೆ ರೊಕ್ಕ ಹಾಕಬ್ಯಾಡ್ರಿ, ಹೊಸಾದು ತಗೊಳ್ರಿ" ಎಂದವರು ಬಂದು ನೋಡಿದ್ದಕ್ಕೆ 300 ರೂಪಾಯಿಯನ್ನಷ್ಟೇ ಪಡೆದರು.