ರಿಕಾಪಿಲ್ಲ, ಲಗಾಮಿಲ್ಲ: ಸೀಟ್ ತಿದ್ದುವ ಲಂಜ್ ಪಾಠ ಹೇಗಿದೆ?

ಕುದುರೆ ಸವಾರಿ ಕಲಿಯುವವರಿಗೆ "ಬೆನ್ನು ನೆಟ್ಟಗೆ, ಹಿಮ್ಮಡಿ ಕೆಳಗೆ, ನೋಟ ಮುಂದೆ" ಅನ್ನೋದನ್ನ ಕೇಳಿ ಕೇಳಿ ಕಿವಿ ತೂತು ಬಿದ್ದಿರುತ್ತದೆ. ಮಾತು ಸರಿಯೇ. ಆದರೆ ಬೆನ್ನು ಯಾಕೆ ನೆಟ್ಟಗೆ ನಿಲ್ಲುತ್ತಿಲ್ಲ ಅಂತ ಮಾತ್ರ ಯಾರೂ ಹೇಳುವುದಿಲ್ಲ. ನನ್ನದು ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಜೀನಿನ ಮೇಲೆ ಕೂತರೆ ಎಡಪಕ್ಕೆ ಕುಸಿಯುತ್ತದೆ, ಭುಜ ಮುಂದಕ್ಕೆ ಬರುತ್ತದೆ, ಟ್ರಾಟ್ (ನಡಿಗೆಗಿಂತ ಚುರುಕಾದ ಕುಲುಕು ಓಟ) ಶುರುವಾದ ಕೂಡಲೇ ಮಂಡಿ ಎರಡೂ ಜೀನನ್ನು ಕಚ್ಚಿ ಹಿಡಿಯುತ್ತವೆ. ಸೀಟ್, ಅಂದರೆ ಜೀನಿನ ಮೇಲೆ ಕೂರುವ ಭಂಗಿ, ತಿದ್ದಿಸಿಕೊಳ್ಳಲೆಂದೇ ಸೇರಿದ ಲಂಜ್ ಪಾಠದ ಬಗ್ಗೆ ಅಂಥ ಒಬ್ಬಳ ಅಭಿಪ್ರಾಯ ಇದು.

ಲಂಜ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ತರಬೇತುದಾರರು ನಡುವೆ ನಿಂತು ಉದ್ದನೆಯ ಹಗ್ಗದಲ್ಲಿ ಕುದುರೆಯನ್ನು ತಮ್ಮ ಸುತ್ತ ಓಡಿಸುತ್ತಾರೆ. ವೇಗ, ದಿಕ್ಕು, ನಿಲ್ಲಿಸುವುದು ಎಲ್ಲ ಅವರ ಕೈಯಲ್ಲಿ. ಸವಾರರಿಗೆ ಲಗಾಮಿಲ್ಲ, ಮೈ ಸ್ವಲ್ಪ ಬಿಸಿಯಾದ ಮೇಲೆ ಪಾದ ಇಡುವ ರಿಕಾಪೂ ಇಲ್ಲ. ಇದೇನು ಹೊಸ ಫ್ಯಾಷನ್ ಅಲ್ಲ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್‌ನಲ್ಲಿ ಸವಾರರಾಗಲು ಸೇರಿದವರ ಕಲಿಕೆ ಇವತ್ತಿಗೂ ಶುರುವಾಗುವುದು ಹೀಗೇ.

ನಮ್ಮ ಮೇಡಂ ಕುದುರೆ ಹತ್ತಿಸುವ ಮೊದಲು ಮಾಡಿದ ಎರಡು ಕೆಲಸಕ್ಕೇ ಅರ್ಧ ಅಂಕ ಕೊಡುತ್ತೇನೆ. ಒಂದು, ಗಟ್ಟಿ ಮರದ ಸ್ಟೂಲ್ ಮೇಲೆ ಕೂರಿಸಿ, "ಅಂಗೈ ಮೇಲೆ ಮಾಡಿ ಅದರ ಮೇಲೆ ಕೂತ್ಕೊಳ್ಳಿ, ಯಾವ ಮೂಳೆ ಹೆಚ್ಚು ಒತ್ತುತ್ತೆ ನೋಡಿ" ಅಂದರು. ಎರಡು ಕೂರುವ ಮೂಳೆಗಳು ಕೈಗೆ ಸ್ಪಷ್ಟವಾಗಿ ತಗುಲಿದವು. ಬಲಗೈ ನೋಯುವಷ್ಟು ಭಾರ, ಎಡಗೈ ಮೇಲೆ ಬರೀ ಇದ್ದೂ ಇಲ್ಲದ ಹಾಗೆ. ಸೊಂಟವನ್ನು ಹಿಂದಕ್ಕೆ ಉರುಳಿಸಿದರೆ ಮೂಳೆ ಮುಂದಕ್ಕೆ ಜಾರಿ ಬೆನ್ನು ಗೂನಾಗುತ್ತದೆ, ಮುಂದಕ್ಕೆ ಉರುಳಿಸಿದರೆ ನಡು ಒಳಕ್ಕೆ ಬಾಗುತ್ತದೆ, ಎರಡರ ನಡುವೆ ಒಂದೇ ಒಂದು ಜಾಗದಲ್ಲಿ ಮೂಳೆ ನೇರ ಕೆಳಕ್ಕೆ ನಿಲ್ಲುತ್ತದೆ. ಆ ಜಾಗ ಸಿಕ್ಕಿತೋ, ಭುಜಕ್ಕೆ ಯಾರೂ ಬುದ್ಧಿ ಹೇಳಬೇಕಿಲ್ಲ.

ಇನ್ನೊಂದು, ಜೀನಿನ ಪರೀಕ್ಷೆ. ಜೀನಿನ ಅತಿ ತಗ್ಗಾದ ಜಾಗ ಹಿಂದಕ್ಕೆ ಸರಿದಿದ್ದರೆ, ಇಲ್ಲವೇ ರಿಕಾಪಿನ ಪಟ್ಟಿ ತೀರಾ ಮುಂದೆ ತೂಗುತ್ತಿದ್ದರೆ, ಎಂಥವರೂ ಕುರ್ಚಿಯಲ್ಲಿ ಕೂತ ಹಾಗೆ ಕಾಲು ಮುಂದೆ ಚಾಚಿಯೇ ಕೂರುತ್ತಾರೆ. ಸವಾರ ಕುರ್ಚಿಯಲ್ಲಿ ಕೂತಂತಿರದೆ ಕಾಲಗಲಿಸಿ ನಿಂತಂತೆ ಇರಬೇಕು ಎಂದು ಗ್ರೀಸಿನ ಲೇಖಕ ಕ್ಸೆನೊಫೊನ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ, ಅದೂ ಜೀನು ರಿಕಾಪು ಎರಡೂ ಇಲ್ಲದ ಕಾಲದಲ್ಲಿ. ಇವತ್ತು ಹೇಳುವ ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಲಂಬ ಗೆರೆಯಲ್ಲಿರಲಿ ಎಂಬ ನಿಯಮವೂ ಅದೇ. ಕೆಳಗಿನಿಂದ ಕುದುರೆಯನ್ನು ಮಾಯ ಮಾಡಿದರೆ ನೀವು ಹಿಂದಕ್ಕೆ ಬೀಳದೆ ಪಾದದ ಮೇಲೆ ನಿಲ್ಲಬೇಕು.

ಇನ್ನು ಸವಾರಿ. ನಡಿಗೆಯಲ್ಲಿ ಹೆಚ್ಚು ಹೊತ್ತು ಕಳೆಸಿದರು, ಬೇಜಾರಾಗಲಿಲ್ಲ. ಕುದುರೆಯ ಹಿಂಗಾಲು ಮುಂದೆ ಬರುವಾಗ ಬೆನ್ನಿನ ಆ ಬದಿ ತಗ್ಗುತ್ತದೆ, ಜೊತೆಗೆ ನಮ್ಮ ಸೊಂಟದ ಆ ಬದಿಯೂ. ಕಣ್ಣು ಮುಚ್ಚಿಸಿ "ಯಾವ ಹಿಂಗಾಲು ಬಂತು, ಹೇಳಿ" ಅಂತ ಕೇಳುತ್ತಿದ್ದರು. ಎಡಗಾಲು ಬಂದಾಗೆಲ್ಲ ನನಗೆ ಏನೂ ತಿಳಿಯುತ್ತಿರಲಿಲ್ಲ, ಯಾಕೆಂದರೆ ಎಡ ಮೂಳೆ ಜೀನಿನ ಮೇಲೆ ಇರುತ್ತಲೇ ಇರಲಿಲ್ಲ. ಎಡಗೈಯನ್ನು ತಲೆಯ ಮೇಲೆ ಎತ್ತಿ ಹಿಡಿಸಿ ಸುತ್ತು ಹಾಕಿಸಿದರು. ಕುಸಿದ ಪಕ್ಕೆ ನಿಧಾನಕ್ಕೆ ಬಿಚ್ಚಿಕೊಂಡು ಮೂಳೆ ಕೆಳಗಿಳಿಯಿತು. "ಎಡ, ಬಲ, ಎಡ" ಅಂತ ಆಮೇಲೆ ಸಲೀಸಾಗಿ ಬಂತು.

ಕೂತೇ ಟ್ರಾಟ್ ಮಾಡುವುದು ನಿಜವಾದ ಪರೀಕ್ಷೆ. ಕರ್ಣದ ಎರಡು ಕಾಲು ಜೋಡಿಯಾಗಿ ನೆಲ ಮುಟ್ಟುತ್ತವೆ, ಮತ್ತೊಂದು ಜೋಡಿ ಮುಟ್ಟುವ ಮುಂಚೆ ಕುದುರೆ ಒಂದು ಗಳಿಗೆ ಪೂರ್ತಿ ಗಾಳಿಯಲ್ಲಿರುತ್ತದೆ. ಆ ಏರಿಳಿತವನ್ನು ಸೊಂಟದ ಕೀಲು ನುಂಗಿಕೊಳ್ಳದಿದ್ದರೆ ಕುಲುಕಾಟವೆಲ್ಲ ತಲೆಗೇ. ಭಯಕ್ಕೆ ಮಂಡಿ ಬಿಗಿದರೆ ಚಿಮಟದಲ್ಲಿ ಒತ್ತಿದ ಸಾಬೂನಿನ ಹಾಗೆ ಮೈ ಮೇಲಕ್ಕೆ ಚಿಮ್ಮುತ್ತದೆ. ಮೇಡಂ ಹೇಳಿದ ಉಪಾಯ ಸರಳ: ಸುತ್ತಿನ ಹೊರಬದಿಯ ಕೈಯಲ್ಲಿ ಜೀನಿನ ಮುಂಭಾಗ ಹಿಡಿದು ಮೈಯನ್ನು ತಗ್ಗಿಗೆ ಎಳೆದುಕೊಳ್ಳಿ, ಎರಡೂ ತೊಡೆಯನ್ನು ಒಂದು ಕ್ಷಣ ಜೀನಿನಿಂದ ಅಗಲಿಸಿ, ಬಿಡಿ. ತೊಡೆ ಮರಳುವಾಗ ಕಾಲು ಉದ್ದವಾಗಿ ತೂಗುತ್ತದೆ, ಸೀಟ್ ಆಳಕ್ಕೆ ಕೂರುತ್ತದೆ. ಕಾಲಿನ ಬಿಗಿತದಿಂದಲೇ ಸವಾರಿ ಅನ್ನುವವರಿಗೆ ಡೆನ್ಮಾರ್ಕಿನ ಸವಾರಳು ಲಿಸ್ ಹಾರ್ಟೆಲ್ ಉತ್ತರ. ಪೋಲಿಯೊದಿಂದ ಮಂಡಿಯ ಕೆಳಗೆ ಸ್ವಾಧೀನ ತಪ್ಪಿದ್ದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್ (ಕುದುರೆಯ ಶಿಸ್ತಿನ ನಡೆಗಳ ಸ್ಪರ್ಧೆ) ಬೆಳ್ಳಿ, 1956ರಲ್ಲಿ ಮತ್ತೆ ಬೆಳ್ಳಿ.

ಕುದುರೆಯ ಬಗ್ಗೆ ಹೇಳಲೇಬೇಕು. ಅಗಲ ಬೆನ್ನಿನ, ವಯಸ್ಸಾದ ಹೆಣ್ಣು ಕುದುರೆ. ನಾನು ಬಿಗಿದರೆ ಅದರ ಹೆಜ್ಜೆ ಚುರುಕಾಗುತ್ತಿತ್ತು, ಸಡಿಲಿಸಿದರೆ ಕುತ್ತಿಗೆ ಇಳಿಸಿ ಮೂಗಿನಿಂದ ಭುಸ್ ಅನ್ನುತ್ತಿತ್ತು. ಒಂದು ಸಲ ಮೇಡಂ "ಉಸಿರು ಪೂರ್ತಿ ಬಿಡಿ, ಸೊಂಟದ ಆಟ ನಿಲ್ಲಿಸಿ" ಅಂದರು. ಕುದುರೆಯ ಒಳಬದಿಯ ಕಿವಿ ನನ್ನ ಕಡೆ ತಿರುಗಿತು, ಎರಡು ಹೆಜ್ಜೆ ಗಿಡ್ಡವಾದವು, ಕುದುರೆ ನಿಂತಿತು. ಹಗ್ಗ ಸಡಿಲವಾಗಿಯೇ ಇತ್ತು.

ಭುಜ ಹಿಂದಕ್ಕೆಳೆಯುವ ಎಲಾಸ್ಟಿಕ್ ಪಟ್ಟಿಗಳೂ ಸಿಗುತ್ತವೆ, ನಾನೂ ಹಾಕಿ ನೋಡಿದ್ದೇನೆ. ಭುಜ ಹಿಂದೆ ಹೋಗುತ್ತದೆ, ಜೊತೆಗೆ ಎದೆ ಮುಂದೆ ಉಬ್ಬಿ ನಡು ಬಿಲ್ಲಾಗುತ್ತದೆ, ಆ ಗಡಸು ಬೆನ್ನಿಗೆ ಟ್ರಾಟ್ ಇನ್ನೂ ಕಷ್ಟ. ದುಡ್ಡು ದಂಡ.

ಪಾಠದಲ್ಲೂ ಕೊರತೆ ಇಲ್ಲದೇ ಇಲ್ಲ. ಕೆಲವು ದಿನ ಸಣ್ಣ ಅಂಗಳಕ್ಕೆ ತಳ್ಳಿದರು. ಸುತ್ತು ಸುಮಾರು 20 ಮೀಟರ್ ವ್ಯಾಸದ್ದಾದರೆ ಕುದುರೆಗೂ ಸಲೀಸು. ಕಿರಿದಾದಷ್ಟೂ ಅದು ಒಳಕ್ಕೆ ವಾಲುತ್ತದೆ, ಸವಾರ ಹೊರಕ್ಕೆ ಜಾರುತ್ತಾನೆ, ತಿದ್ದಿದ್ದೆಲ್ಲ ಮತ್ತೆ ಸೊಟ್ಟ. ಮೇಡಂ ರಜೆಯಲ್ಲಿದ್ದಾಗ ಬಂದವರು ಒಂದೇ ದಿಕ್ಕಿನಲ್ಲಿ ಸುತ್ತಿಸಿ ಸುತ್ತಿಸಿ ಮುಗಿಸಿದರು, ಅದೂ ಫೋನ್ ನೋಡುತ್ತಾ. ಮಾಮೂಲಿ ಪಾಠಕ್ಕಿಂತ ಫೀಸು ಜಾಸ್ತಿ ತಗೊಂಡು ಹೀಗೆ ಮಾಡಬಾರದು. ಒಬ್ಬರ ಗಮನ ಪೂರ್ತಿ ನಮ್ಮ ಮೇಲೆ ಇರುತ್ತದೆ ಅಂತಲೇ ತಾನೇ ಆ ಹೆಚ್ಚಿನ ಫೀಸು? ವಿಡಿಯೊ ತೆಗೆದು ತೋರಿಸುವ ವ್ಯವಸ್ಥೆಯೂ ಇಲ್ಲ, ಗೆಳತಿಯನ್ನು ಕರೆದೊಯ್ದು ನಾನೇ ಮಾಡಿಸಿಕೊಂಡೆ.

ಬೆನ್ನುಹುರಿ, ಸೊಂಟದ ತೊಂದರೆ ಇರುವವರು ವೈದ್ಯರನ್ನು ಕೇಳದೆ ರಿಕಾಪು ಬಿಡಬೇಡಿ. ಜಿಗಿತ ಕಲಿಯುವ ಅವಸರದಲ್ಲಿರುವವರಿಗೆ ಇದು ಸಪ್ಪೆ ಅನ್ನಿಸಬಹುದು. ಟ್ರಾಟ್‌ನಲ್ಲಿ ಕುಲುಕಿ ಸುಸ್ತಾದವರು, ಲಗಾಮು ಹಿಡಿದೇ ಸಮತೋಲನ ಕಾಯುವವರು ಕಣ್ಣು ಮುಚ್ಚಿ ಸೇರಬಹುದು. ಅರ್ಧ ಗಂಟೆಗಿಂತ ಉದ್ದದ ಪಾಠ ಮಾತ್ರ ಬೇಡ, ತೊಡೆಯೂ ಸೋಲುತ್ತದೆ, ಒಂದೇ ಸಮ ಸುತ್ತುವ ಕುದುರೆಯ ಕಾಲಿಗೂ ಒಳ್ಳೆಯದಲ್ಲ. ಮುಂದಿನ ಸರಣಿಗೆ ನಾನು ಹೆಸರು ಕೊಟ್ಟಾಗಿದೆ, ದೊಡ್ಡ ಅಂಗಳ, ಅದೇ ಮೇಡಂ, ಎರಡೂ ದಿಕ್ಕಿಗೆ ಸಮ ಸಮ ಅಂತ ಮೊದಲೇ ಹೇಳಿ.